ಹಾಲುಗರಿ

ಕೊಡಿಗೇಹಳ್ಳಿಯ ಮನೆಯಿಂದ ನಮ್ಮನ್ನು ಹೊರಗೆ ಹಾಕಿದ್ದು ಯಾರು ಎಂದು ಕೇಳಿದರೆ ನಾನು ಓನರ್ ಯಶವಂತನ ಹೆಸರು ಹೇಳುವುದಿಲ್ಲ. ಅವನ ತಾಯಿಯ ಹೆಸರನ್ನೂ ಹೇಳುವುದಿಲ್ಲ. ಒಂದು ಹಿಡಿ ಕಡಲೆಪುರಿಯಷ್ಟೂ ತೂಕವಿಲ್ಲದ ಎರಡು ಸೂರಕ್ಕಿ ಮರಿಗಳು ಹೊರಗೆ ಹಾಕಿದವು. ಬೇಕೆಂದು ಮಾಡಲಿಲ್ಲ, ಒಪ್ಪುತ್ತೇನೆ. ಅವು ಮಾಡಿದ್ದು ಇಷ್ಟೇ, ಗರಿ ಬೆಳೆಸಿಕೊಂಡವು. ಇನ್ನೊಂದು ಸ್ವಲ್ಪ ದಿನ ತಡೆದು ಬೆಳೆಸಿಕೊಂಡಿದ್ದರೆ ಅವುಗಳ ಗಂಟೇನು ಹೋಗುತ್ತಿತ್ತು ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೊದಲು ನನ್ನ ವಿಚಾರ. ಹೆಸರು ತಾಜುದ್ದೀನ್. ಯಲಹಂಕದ ಒಂದು ಖಾಸಗಿ ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್. ಬೀಕರು ತೊಳೆಯುವುದು, ಬೀಗ ಹಾಕುವುದು, ಹುಡುಗರು ಒಡೆದ ಲೆನ್ಸಿಗೆ ನಾನು ಬೈಸಿಕೊಳ್ಳುವುದು, ಇದು ಕೆಲಸ. ಆದರೆ ಕೊಡಿಗೇಹಳ್ಳಿಯಲ್ಲಿ ನಾನು ಸೈನ್ಸ್ ಮೇಷ್ಟ್ರು. ಮನೆ ಬಾಡಿಗೆಗೆ ಹಿಡಿಯುವಾಗ ಯಶವಂತನ ತಾಯಿ ಮುನಿತಾಯಮ್ಮಜ್ಜಿ "ಏನ್ ಕೆಲ್ಸ?" ಎಂದು ಕೇಳಿದ್ದರು. "ಕಾಲೇಜಲ್ಲಿ, ಸೈನ್ಸ್ ಸೈಡು" ಎಂದಿದ್ದೆ. ಇದರಲ್ಲಿ ಸುಳ್ಳು ಎಲ್ಲಿದೆ ತೋರಿಸಿ. ಅಲ್ಲಿಂದಾಚೆ ಅವರು ಮೇಷ್ಟ್ರೇ ಎಂದು ಕರೆದರು, ನಾನು ಓಗೊಟ್ಟೆ. ವಯಸ್ಸಾದವರು ಕರೆದಾಗ ಓಗೊಡದಿದ್ದರೆ ಮರ್ಯಾದೆ ಅಲ್ಲ.

ಅದು ಹಳೇ ಊರಿನ ಸಾಲುಮನೆ, ನಾಲ್ಕು ಪೋರ್ಷನ್ನು. ಅಜ್ಜಿ ಮಗನ ಜೊತೆ ಪಕ್ಕದ ಬೀದಿಯ ಮೂರಂತಸ್ತಿನ ಹೊಸ ಮನೆಯಲ್ಲಿದ್ದರು. ಮಗ ಯಶವಂತ ಬಿಲ್ಡರ್. ಏರ್‌ಪೋರ್ಟ್ ರೋಡಿಗೆ ಇಷ್ಟು ಹತ್ತಿರದ ಜಾಗದಲ್ಲಿ ಸಂಸಾರಗಳನ್ನು ಇಟ್ಟುಕೊಳ್ಳುವುದು ದಂಡ ಎಂದು ಒಂದು ದಿನ ಅವನಿಗೆ ಹೊಳೆಯಿತು. ಸಾಲುಮನೆ ಕೆಡವಿ ಐದಂತಸ್ತಿನ ಪಿಜಿ ಕಟ್ಟಲು ಹೊರಟ. ಉಳಿದ ಮೂರು ಪೋರ್ಷನ್ನಿನವರು ಗಂಟುಮೂಟೆ ಕಟ್ಟಿದರು. ಶಿವರಾತ್ರಿಯೊಳಗೆ ನಾವೂ ಜಾಗ ಖಾಲಿ ಮಾಡಬೇಕು ಎಂದ.

ನನ್ನ ಮಗಳು ಲುಬ್ನಾಗೆ ಈ ಸಲ ಎಸ್ಸೆಸ್ಸೆಲ್ಸಿ. ಸ್ಕೂಲು, ಪರೀಕ್ಷೆಯ ಸೆಂಟರು ಎರಡೂ ಕೊಡಿಗೇಹಳ್ಳಿಯಲ್ಲೇ, ಮನೆಯಿಂದ ನಡೆದುಹೋಗುವಷ್ಟು ದೂರ. ಪರೀಕ್ಷೆ ಮುಗಿಯುವವರೆಗೆ ಬಿಡಿ ಎಂದು ಯಶವಂತನನ್ನು ಬೇಡಿಕೊಂಡೆ.

"ಭಾಯ್, ಎಲ್ರಿಗೂ ಒಂದಲ್ಲ ಒಂದು ಪರೀಕ್ಷೆ ಇದ್ದೇ ಇರುತ್ತೆ. ನಂಗೆ ಬ್ಯಾಂಕ್ ಲೋನಿಂದು ನಡೀತಿದೆ. ಇದನ್ನೆಲ್ಲ ಅಮ್ಮನ ಹತ್ರ ಹೇಳಿ ಅವರ ತಲೆ ಕೆಡಿಸ್ಬೇಡಿ, ಬಿಪಿ ಇದೆ" ಎಂದ.

ನಾನು ಅಜ್ಜಿಯ ತಲೆ ಕೆಡಿಸಲಿಲ್ಲ. ದೊಡ್ಡವರ ಬಿಪಿಯ ಬಗ್ಗೆ ನಮ್ಮಂಥವರು ಯಾವಾಗಲೂ ಬಹಳ ಎಚ್ಚರಿಕೆ ವಹಿಸುತ್ತೇವೆ.

ಬೇರೆ ಮನೆ ಹುಡುಕಲಿಲ್ಲ ಎಂದಲ್ಲ. ಹೆಬ್ಬಾಳ, ಸಹಕಾರ ನಗರ, ಯಶವಂತಪುರ, ಕಂಡ ಕಂಡ ಟು ಲೆಟ್ ಬೋರ್ಡಿನ ನಂಬರಿಗೆಲ್ಲ ಫೋನ್ ಮಾಡಿದೆ. "ಖಾಲಿ ಇದೆ ಸಾರ್, ಇವತ್ತೇ ಬನ್ನಿ. ನಿಮ್ಮ ಹೆಸರು?" ಎನ್ನುತ್ತಿದ್ದರು. ಹೇಳುತ್ತಿದ್ದೆ. "ಅಯ್ಯೋ, ಈಗ್ತಾನೆ ಒಬ್ರು ಬಂದು ಅಡ್ವಾನ್ಸ್ ಕೊಟ್ಟು ಹೋದ್ರು ನೋಡಿ." ನಾನು ನನ್ನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬೆಂಗಳೂರಿನಲ್ಲಿ ಒಂದು ಮನೆ ತುಂಬಿರುತ್ತದೆ. ಆರ್.ಟಿ. ನಗರದಲ್ಲಿ ಮಾತ್ರ ಹೆಸರು ಕೇಳಿಯೂ ಕರೆದರು, ಬಾಡಿಗೆ ಕೇಳಿ ನಾನೇ ಎದ್ದು ಬಂದೆ.

ಹೀಗಿರುವಾಗ ಒಂದು ಬೆಳಿಗ್ಗೆ ನನ್ನ ಹೆಂಡತಿ ಸಬೀರಾ, ಮುಂಬಾಗಿಲ ಸಜ್ಜೆಯ ಕೆಳಗೆ ನೇತಾಡುವ ಬಲ್ಬಿನ ವೈರಿಗೆ ಕಸ ಸಿಕ್ಕಿಕೊಂಡಿದೆ ಎಂದು ಪೊರಕೆ ಎತ್ತಿದಳು. ಕಸದೊಳಗಿಂದ ಒಂದು ಬಾಗಿದ ಕೊಕ್ಕು ಹೊರಗೆ ಬಂದು ಅವಳನ್ನು ನೋಡಿತು. ಸೂರಕ್ಕಿಯ ಗೂಡು. ಜೇಡರ ಬಲೆ, ನಾರು, ಒಣ ತೊಗಟೆ, ಯಾರೋ ಬಿಸಾಡಿದ ಚಾಕಲೇಟ್ ಪೇಪರು ಸೇರಿಸಿ ಕಟ್ಟಿದ ಚೀಲ. ಪಕ್ಕಕ್ಕೊಂದು ಬಾಗಿಲು, ಬಾಗಿಲ ಮೇಲೆ ಅದಕ್ಕೂ ಒಂದು ಪುಟ್ಟ ಸಜ್ಜೆ. ಮಳೆ ಬಂದರೆ ಒಂದು ತೊಟ್ಟು ಸೋರುವುದಿಲ್ಲವಂತೆ. ನಮ್ಮ ಮನೆ ಸೋರುತ್ತಿತ್ತು.

ನಾವು ಸಾಮಾನು ಕಟ್ಟುತ್ತಿದ್ದೇವೋ ಇಲ್ಲವೋ ನೋಡಲು ಶಿವರಾತ್ರಿಯ ಹಿಂದಿನ ದಿನ ಯಶವಂತ ತಾಯಿಯನ್ನು ಕರೆದುಕೊಂಡು ಬಂದ. ಅಜ್ಜಿ ಹಳೇ ಊರಿನವರು, ಅವರ ಮಾತಿನಲ್ಲಿ ಹ ಎಂಬ ಅಕ್ಷರಕ್ಕೆ ಜಾಗವಿಲ್ಲ. ಗೂಡು ನೋಡಿದ್ದೇ ಸೆರಗು ಸರಿಮಾಡಿಕೊಂಡರು.

"ಮೊಟ್ಟೆ ಅವ್ಯಾ ಮೇಷ್ಟ್ರೇ?"

ನಾನು ನೆಲ ಒರೆಸುವ ಕೋಲಿಗೆ ಒಂದು ಕನ್ನಡಿ ಕಟ್ಟಿ ಗೂಡಿನ ಬಾಗಿಲಿಗೆ ಹಿಡಿದೆ. ಕನ್ನಡಿ ಕಾಲೇಜಿನದು. "ಎರಡಿವೆ ಅಜ್ಜಿ."

"ಯಶವಂತಾ, ಮೊಟ್ಟೆ ಇರೋ ಗೂಡು ಮುಟ್ಟಬ್ಯಾಡ. ನಮ್ಮತ್ತೆ ಒಂದ್ಸಲ ಗುಬ್ಬಿಗೂಡು ಕಿತ್ತಾಕಿದ್ರು. ವರ್ಸ ತುಂಬೋದ್ರೊಳಗೆ ನಮ್ಮಾವನ ತಲೆ ಬೋಳು. ಒಂದ್ ಕೂದ್ಲು ನಿಲ್ಲಲಿಲ್ಲ."

ಯಶವಂತನ ಕೈ ತಾನಾಗಿ ನೆತ್ತಿಗೆ ಹೋಯಿತು. ಅವನಿಗೆ ಇನ್ನೂ ಮೂವತ್ತೈದು, ಆದರೆ ನೆತ್ತಿಗೆ ಅರವತ್ತು ದಾಟಿದೆ. ಬೇರೆ ಯಾವ ಶಾಪವನ್ನಾದರೂ ಅವನು ಎದುರಿಸುತ್ತಿದ್ದ.

"ಮರಿ ಆಗಿ, ಗರಿ ಬಂದು, ಆರೋಗೋಗಂಟ ಇವ್ರೂ ಇಲ್ಲೇ ಇರ್ಲಿ" ಎಂದರು ಅಜ್ಜಿ. "ಜನ ಇದ್ರೆ ಬೆಕ್ಕು ಗಿಕ್ಕು ಬರಾಕಿಲ್ಲ. ಮರಿಗಳು ಆರೋದ್ ದಿನ ಇವ್ರು ಖಾಲಿ ಮಾಡ್ಲಿ. ನನ್ ಮಾತು ಒಂದೇ."

ಹೀಗೆ ನಮ್ಮ ಬಾಡಿಗೆ ಕರಾರು ಹಕ್ಕಿಯ ಮೈಮೇಲೆ ಬರೆಯಲ್ಪಟ್ಟಿತು. ಬೆಂಗಳೂರಿನಲ್ಲಿ ಯಾರಿಗೆ ಎಂಥೆಂಥ ಕರಾರು ಇದೆಯೋ ನಾನರಿಯೆ, ಗರಿಯ ಲೆಕ್ಕದಲ್ಲಿ ವಾಸ ಮಾಡಿದವನು ನಾನೊಬ್ಬನೇ ಇರಬೇಕು.

ಮೊಟ್ಟೆ ಒಡೆದು ಮರಿಗಳಾದವು. ಅಜ್ಜಿ ದಿನಾ ಬೆಳಿಗ್ಗೆ ಮಂಡಿ ಹಿಡಿದುಕೊಂಡು ಬರುತ್ತಿದ್ದರು. ಎದುರುಮನೆಯ ನರಸಿಂಹಯ್ಯ, ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು, ಯಾರೂ ಕರೆಯದಿದ್ದರೂ ಬರುತ್ತಿದ್ದರು. ನಾನು ಸ್ಟೂಲು ಹತ್ತಿ ಕನ್ನಡಿ ಹಿಡಿದು ಸಮಾಚಾರ ಓದುತ್ತಿದ್ದೆ.

"ಇವತ್ತು ಬರೀ ಮೈ ಅಜ್ಜಿ. ಒಂದು ನೂಲೂ ಇಲ್ಲ."

"ಪಾಪ. ಚಳಿ ಆಗಾಕಿಲ್ವಾ?"

"ತಾಯಿ ಕೂತ್ಕೊಂಡು ಬೆಚ್ಚಗೆ ಇಡುತ್ತೆ."

ಆಮೇಲೊಂದು ದಿನ, "ಇವತ್ತು ಮೈಯೆಲ್ಲ ಕಡ್ಡಿ ಕಡ್ಡಿ. ಆ ಕಡ್ಡಿಯೊಳಗೆ ಗರಿ ಸುತ್ತಿಟ್ಟಿರುತ್ತೆ."

"ಮಡಚಿದ ಛತ್ರಿ ತರ" ಎಂದರು ನರಸಿಂಹಯ್ಯ. ಅದು ಸರಿಯಾಗಿಯೇ ಇತ್ತು, ಆದ್ದರಿಂದ ನಾನು ಮೆಚ್ಚಿಕೊಳ್ಳಲಿಲ್ಲ.

ರಂಜಾನ್ ಶುರುವಾಗಿತ್ತು. ಸಬೀರಾ, ಲುಬ್ನಾ ಇಬ್ಬರೂ ಉಪವಾಸ. ಲುಬ್ನಾ ಒಳಗೆ ಕೂತು ಓದುತ್ತಿದ್ದಳು. ಮರಿಗಳು ನಿಧಾನವಾಗಿ ಬೆಳೆಯಲಿ ಎಂದು ನಾನು ದಿನಾ ದುವಾ ಮಾಡುತ್ತಿದ್ದೆ. ಮರಿಗಳ ಅಪ್ಪ ಅಮ್ಮ ಮಾತ್ರ ದಾಸವಾಳದ ಗಿಡಕ್ಕೂ ಗೂಡಿಗೂ ಓಡಾಡಿ ಹುಳ, ಜೇಡ ತಂದು ತುರುಕುತ್ತಲೇ ಇದ್ದವು. ಇಷ್ಟು ಮುತುವರ್ಜಿಯಿಂದ ತಂದೆತಾಯಿ ಮಕ್ಕಳನ್ನು ಸಾಕುವುದನ್ನು ನೋಡಿ ಹೊಟ್ಟೆ ಉರಿದದ್ದು ನನಗೊಬ್ಬನಿಗೇ ಇರಬೇಕು.

ಕಡ್ಡಿಗಳೆಲ್ಲ ಒಟ್ಟಿಗೇ ಬಿಚ್ಚಿಕೊಂಡವು. ಒಂದು ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತೇನೆ, ಬೆನ್ನು ಹಸಿರುಬೂದು, ಹೊಟ್ಟೆ ಹಳದಿ, ಎರಡೂ ಮರಿಗಳು ಹಬ್ಬಕ್ಕೆ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ಕೂತಿವೆ. ಲುಬ್ನಾಳ ಪರೀಕ್ಷೆ ಇನ್ನೂ ಶುರುವಾಗಿರಲಿಲ್ಲ.

ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ, ಆದರೂ ಕನ್ನಡಿಯಲ್ಲಿ ಬಣ್ಣ ಕಂಡಿತು. "ಗರಿ ಬಂದ್ವಲ್ಲ ಮೇಷ್ಟ್ರೇ. ಇನ್ನೇನು, ನಾಳೆ ನಾಡಿದ್ದು."

ಹಿಂದೆ ನಿಂತಿದ್ದ ಯಶವಂತ ಜೇಬಿನಿಂದ ಫೋನ್ ತೆಗೆದು ಜೆಸಿಬಿಯವನ ನಂಬರು ಹುಡುಕತೊಡಗಿದ. ಒಳಗಿನಿಂದ ಲುಬ್ನಾ ತ್ರಿಕೋನಮಿತಿಯ ಸೂತ್ರ ಬಾಯಿಪಾಠ ಮಾಡುವುದು ಕೇಳುತ್ತಿತ್ತು. ನನ್ನ ಬಾಯಿ ತೆರೆಯಿತು, ಅದರಿಂದ ಮಾತು ಬಂತು.

"ಇದು ಹಾರೋ ಗರಿ ಅಲ್ಲ ಅಜ್ಜಿ. ಹಾಲುಗರಿ."

"ಏನ್ ಗರಿ?"

"ಹಾಲುಗರಿ. ಮಕ್ಕಳಿಗೆ ಮೊದಲು ಹಾಲುಹಲ್ಲು ಬರೋದಿಲ್ವಾ? ಅದು ಬಿದ್ದು ಆಮೇಲೆ ಗಟ್ಟಿ ಹಲ್ಲು ಬರುತ್ತಲ್ಲ, ಅದೇ ತರ. ಇದು ಪೂರ್ತಿ ಉದುರಬೇಕು. ಆಮೇಲೆ ನಿಜವಾದ ಗರಿ ಬರಬೇಕು. ಆಮೇಲೆ ಹಾರೋದು."

ಯಶವಂತ ಫೋನಿನಿಂದ ತಲೆ ಎತ್ತಿದ. "ಭಾಯ್, ಇದನ್ನ ನಾನ್ ಕೇಳೇ ಇಲ್ಲ."

"ನೀವು ಕಾಮರ್ಸ್ ಅಲ್ವಾ" ಎಂದೆ.

ನಾನು ಗಾಳಿಯಲ್ಲಿ ಗೋಪುರ ಕಟ್ಟಲಿಲ್ಲ. ಹಕ್ಕಿಗಳು ಹಳೇ ಗರಿ ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತವೆ ಎಂದು ಹಿಂದಿನ ದಿನವೇ ಫೋನಿನಲ್ಲಿ ಓದಿದ್ದೆ. ಅದು ಬೆಳೆದ ಹಕ್ಕಿಗಳು ವರ್ಷಕ್ಕೊಮ್ಮೆ ಮಾಡುವ ಕೆಲಸ ಎಂದು ಅದೇ ಸಾಲಿನ ಕೊನೆಯಲ್ಲಿ ಇತ್ತು. ಅಷ್ಟು ದೂರ ನಾನು ಹೋಗಲಿಲ್ಲ.

ಎಲ್ಲರೂ ಹೋದ ಮೇಲೆ ಸಬೀರಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. ನಾವು ಮನೆಯಲ್ಲಿ ಉರ್ದು ಆಡುವವರು, ಬೈಯುವುದನ್ನು ಮಾತ್ರ ಅವಳು ಎರಡೂ ಭಾಷೆಯಲ್ಲಿ ಮಾಡುತ್ತಾಳೆ. "ಅಜೀ, ನಮ್ಮಮ್ಮ ಜೀವಮಾನ ಪೂರ್ತಿ ಕೋಳಿ ಸಾಕಿದ್ರು. ಎಲ್ಲಿಯ ಹಾಲು, ಎಲ್ಲಿಯ ಗರಿ?"

"ಲುಬ್ನಾ ಪರೀಕ್ಷೆ ಮುಗಿಯೋವರೆಗೆ ಹಾಲು" ಎಂದೆ.

ಸಂಜೆಯೊಳಗೆ ನರಸಿಂಹಯ್ಯ ಹಾಲುಗರಿಯ ಸುದ್ದಿಯನ್ನು ಕೊಡಿಗೇಹಳ್ಳಿಯ ಪ್ರತಿ ಸ್ಟಾಪಿನಲ್ಲೂ ಇಳಿಸಿ ಬಂದಿದ್ದರು. ಮಾರನೇ ದಿನ ಬೆಳಿಗ್ಗೆ ಎರಡು ಬೆರಳಲ್ಲಿ ಒಂದು ಗರಿ ಎತ್ತಿಕೊಂಡು ಓಡಿಬಂದರು. ಕರ್ರಗೆ, ಗೇಣುದ್ದ.

"ಮೇಷ್ಟ್ರೇ, ಮೊದಲ್ನೇ ಹಾಲುಗರಿ ಬಿತ್ತು. ನಿಮ್ಮ ಕಾಂಪೌಂಡಲ್ಲೇ ಸಿಕ್ತು."

ಅದು ಕಾಗೆಯ ಗರಿ. ಗೂಡು, ಗೂಡಿನೊಳಗಿನ ಮರಿ, ಮರಿಗಳ ಅಪ್ಪ ಅಮ್ಮ ಎಲ್ಲ ಸೇರಿಸಿ ಇಟ್ಟರೂ ಆ ಗರಿಯೇ ಉದ್ದ. ನಾನು ತಿರುಗಿಸಿ ನೋಡಿದೆ. ಅಜ್ಜಿ ಕಾಯುತ್ತಿದ್ದರು.

"ಗೂಡೊಳಗೆ ಸುತ್ತಿಟ್ಟಿರುತ್ತೆ ಸಾರ್. ಹೊರಗೆ ಬಿದ್ದ ಮೇಲೆ ಬಿಚ್ಕೊಳ್ಳುತ್ತೆ."

"ನಾನ್ ಹೇಳ್ಲಿಲ್ವಾ, ಛತ್ರಿ" ಎಂದರು ನರಸಿಂಹಯ್ಯ.

ಅಜ್ಜಿ ಗರಿಯನ್ನು ಕಣ್ಣಿಗೊತ್ತಿಕೊಂಡು, ಸೆರಗಿನಲ್ಲಿ ಒರೆಸಿ, ಎಲೆಅಡಿಕೆ ಚೀಲಕ್ಕೆ ಸೇರಿಸಿದರು. ಹಾಲು ಎಂಬ ಮಾತು ಬಂದಿದ್ದೇ ತಪ್ಪಾಯಿತು. ಕಬ್ಬಿಣಗರಿ ಎಂದೋ ರಬ್ಬರ್ ಗರಿ ಎಂದೋ ಹೇಳಿದ್ದರೆ ಯಾರೂ ಬರುತ್ತಿರಲಿಲ್ಲ. ಹಾಲು ಎಂದ ಕೂಡಲೇ ಅದು ಮಂಗಳವಾಯಿತು. ಯಶವಂತನ ಹೆಂಡತಿ ರಾಧಾಮಣಿ ಬಂದು ಗೂಡಿನ ಕೆಳಗೆ ರಂಗೋಲಿ ಹಾಕಿ ಮೊಬೈಲಿನಲ್ಲಿ ರೀಲ್ಸ್ ಮಾಡಿದಳು. ಅದನ್ನು ನೋಡಿದವರು ಬಂದರು. ಬಸುರಿಯರು ಬಂದರು. ಹಲ್ಲು ಬರದ ಮಕ್ಕಳನ್ನು ಎತ್ತಿಕೊಂಡು ಬಂದರು, ಹಲ್ಲು ಬಿದ್ದ ಮುದುಕರನ್ನು ಕೈಹಿಡಿದು ಕರೆತಂದರು. ಬಂದವರೆಲ್ಲ ಒಂದೊಂದು ಲೋಟ ಹಾಲು ತಂದು ಗೂಡಿನ ಕೆಳಗೆ ಇಟ್ಟು ಕೈಮುಗಿದರು. ಹಾಲಿಗೆ ಕೊಡಿಗೇಹಳ್ಳಿಯ ಬೆಕ್ಕುಗಳೆಲ್ಲ ಬಂದವು. ಬೆಕ್ಕು ಬರಬಾರದು ಎಂದು ನಮ್ಮನ್ನು ಇಟ್ಟುಕೊಂಡಿದ್ದರಲ್ಲ, ನಾನು ಕೋಲು ಹಿಡಿದು ಕಾಯುತ್ತ ನಿಂತೆ.

ಬಂದವರನ್ನು ಹಾಗೇ ಕಳಿಸಬಾರದು ಎಂದು ಅಜ್ಜಿ ಸಬೀರಾಗೆ ಹೇಳಿದರು. ಅವಳು ಬಾಯಿಗೆ ತೊಟ್ಟು ನೀರು ಹಾಕದೆ ಊರಿಗೆಲ್ಲ ಟೀ ಕಾಯಿಸಿದಳು. "ನೀವು ಕುಡಿಯಲ್ವಾ?" ಎಂದು ಕೇಳಿದವರಿಗೆ "ಉಪವಾಸ" ಎಂದಳು. "ಓ, ನೀವೂ ಹಾಲುಗರಿಗೆ ಹರಕೆ ಹೊತ್ತಿದ್ದೀರಾ" ಎಂದರು. ಅವಳು ನನ್ನ ಕಡೆ ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಲುಬ್ನಾ ಪುಸ್ತಕ ಎತ್ತಿಕೊಂಡು ಮುಂದಿನ ಕೋಣೆಯಿಂದ ಅಡುಗೆಮನೆಗೆ ಹೋದಳು. ಅಲ್ಲಿ ಟೀ ಲೋಟಗಳ ಸದ್ದು. ಅಲ್ಲಿಂದ ಬಚ್ಚಲಿಗೆ ಹೋಗಿ ಬಕೆಟ್ ಬೋರಲು ಹಾಕಿಕೊಂಡು ಕೂತಳು. ಹೊರಗೆ ಹೆಂಗಸರು ಸೋಬಾನೆ ಶುರುಮಾಡಿದರು.

"ಅಬ್ಬು, ನಂಗೋಸ್ಕರ ತಾನೇ ಇದೆಲ್ಲ ಮಾಡ್ತಿರೋದು?" ಎಂದು ಬಾಗಿಲ ಸಂದಿಯಿಂದ ಕೇಳಿದಳು.

"ಹೌದು ಬೇಟಿ."

"ನಿಲ್ಲಿಸ್ತೀರಾ?"

ನಿಲ್ಲಿಸುವುದು ಹೇಗೆ? ಅಷ್ಟು ಹೊತ್ತಿಗೆ ಹಾಲುಗರಿ ನನ್ನ ಕೈ ಮೀರಿ ಊರಿನದಾಗಿತ್ತು.

ಒಂದು ಮಧ್ಯಾಹ್ನ ಯಶವಂತ ಒಬ್ಬನೇ ಬಂದ. ಚಪ್ಪಲಿ ಹೊರಗೆ ಬಿಟ್ಟ. ಹಿಂದೆಂದೂ ಬಿಟ್ಟವನಲ್ಲ. ಕುರ್ಚಿ ಎಳೆದುಕೊಂಡು ನನ್ನ ಕಿವಿಯ ಹತ್ತಿರ ಬಂದ.

"ಭಾಯ್, ಒಂದ್ ಪರ್ಸನಲ್ ಡೌಟು. ಈ ಗರಿ, ಕೂದಲು, ಎರಡೂ ಒಂದೇ ಜಾತಿದಾ?"

"ಒಂದೇ ಮಾಲು" ಎಂದೆ. ಇದು ನಿಜ, ಬೇಕಾದರೆ ಪುಸ್ತಕ ನೋಡಿ.

"ಅಂದ್ರೆ ಈಗ ಉದುರ್ತಿರೋದು ನನ್ನ ಹಾಲುಗೂದಲು ಇರ್ಬೋದಾ?"

ಅವನ ಕಣ್ಣು ಮಗುವಿನ ಕಣ್ಣಾಗಿತ್ತು. ನನ್ನ ಮಗಳ ಪರೀಕ್ಷೆಯನ್ನು ನೊಣ ಓಡಿಸಿದ ಹಾಗೆ ಓಡಿಸಿದ ಮನುಷ್ಯ. ಇಲ್ಲ ಎನ್ನಬೇಕಿತ್ತು. "ಸೈನ್ಸಲ್ಲಿ ಏನೂ ಹೇಳಕ್ಕಾಗಲ್ಲ ಯಶವಂತಣ್ಣ" ಎಂದೆ.

"ಹಂಗಾದ್ರೆ ಮತ್ತೆ ಬರುತ್ತೆ."

"ಬರಬೋದು."

ಅವನು ಎದ್ದು ನಿಂತ. ಖುಷಿಯಲ್ಲಿ ನನ್ನ ಬೆನ್ನು ತಟ್ಟಿದ. ಪರೀಕ್ಷೆ ಮುಗಿಯುವವರೆಗೆ ಬಿಡಿ ಎಂದು ಆ ಗಳಿಗೆಯಲ್ಲಿ ಕೇಳಿದ್ದರೆ ಹೂಂ ಎನ್ನುತ್ತಿದ್ದನೇನೋ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು, "ಇಷ್ಟು ದೊಡ್ಡ ವಿಷ್ಯ, ಇನ್ನೊಬ್ರು ದೊಡ್ಡೋರನ್ನೂ ಕೇಳಿ ಕನ್‌ಫರ್ಮ್ ಮಾಡ್ಕೊಂಡುಬಿಡ್ತೀನಿ" ಎಂದು ಹೊರಟುಹೋದ.

ಭಾನುವಾರ ಬೆಳಿಗ್ಗೆ ನಾನು ಸ್ಟೂಲಿನ ಮೇಲೆ ನಿಂತು ಕನ್ನಡಿ ಹಿಡಿದಿದ್ದೆ. ಕೆಳಗೆ ಅಜ್ಜಿ, ನರಸಿಂಹಯ್ಯ, ರಾಧಾಮಣಿ, ಅವರ ಹಿಂದೆ ಹಾಲಿನ ಲೋಟ ಹಿಡಿದ ಹೆಂಗಸರು. ಯಶವಂತನ ಕಾರು ಬಂತು. ಅದರಿಂದ ಮಂಜುಶ್ರೀ ಮೇಡಂ ಇಳಿದರು. ಮಂಜುಶ್ರೀ ಮೇಡಂ ಯಾರು ಎಂದರೆ ನಮ್ಮ ಕಾಲೇಜಿನ ಜುವಾಲಜಿ ಹೆಡ್. ಬೆಂಗಳೂರಿನಲ್ಲಿ ಹಕ್ಕಿಯ ವಿಚಾರ ತಿಳಿದವರು ಎಷ್ಟೋ ಜನ ಇದ್ದಾರೆ. ಇವನಿಗೆ ಸಿಕ್ಕಿದ್ದು ಇವರೇ.

ಮೇಡಂ ಮೊದಲು ನೋಡಿದ್ದು ಗೂಡನ್ನಲ್ಲ.

"ತಾಜುದ್ದೀನ್, ಇದು ನಮ್ಮ ಫಿಸಿಕ್ಸ್ ಲ್ಯಾಬಿನ ಕನ್ನಡಿ ಅಲ್ವಾ? ಆ ಡಿಪಾರ್ಟ್‌ಮೆಂಟ್‌ನವರು ಬೀರು ಎಲ್ಲಾ ತಡಕಾಡ್ತಿದ್ದಾರೆ."

"ಮೇಷ್ಟ್ರು ನಿಮಗೆ ಗೊತ್ತಾ ಮೇಡಂ?" ಎಂದ ಯಶವಂತ.

"ಯಾವ ಮೇಷ್ಟ್ರು? ಇವರು ನಮ್ಮ ಅಟೆಂಡರ್. ತುಂಬಾ ಒಳ್ಳೇ ಮನುಷ್ಯ" ಎಂದರು ಮೇಡಂ. ಒಳ್ಳೇ ಮನುಷ್ಯ ಎಂದದ್ದು ಯಾರಿಗೂ ಕೇಳಿಸಲಿಲ್ಲ. ಅಟೆಂಡರ್ ಎಂಬುದು ಕೊನೆಯ ಸಾಲಿನ ಹೆಂಗಸಿನವರೆಗೂ ಹೋಯಿತು. ನಾನು ಸ್ಟೂಲಿನಿಂದ ಇಳಿಯಲೋ ಬೇಡವೋ ತಿಳಿಯದೆ ಅಲ್ಲೇ ನಿಂತೆ.

ಅಜ್ಜಿ ನಿಧಾನವಾಗಿ ಎಲೆಅಡಿಕೆ ಚೀಲ ಬಿಚ್ಚಿ ಗರಿ ತೆಗೆದರು. "ಅಮ್ಮಯ್ಯ, ಇದು ಆಲ್ಗರಿ ಅಲ್ವಾ?"

"ಹಾಲುಗರಿ ಅಂತ ಯಾವುದೂ ಇಲ್ಲಮ್ಮ. ಇದು ಕಾಗೇದು."

ನರಸಿಂಹಯ್ಯ ತಮ್ಮ ಮನೆಯ ಗೇಟಿನ ಕಡೆ ಹೆಜ್ಜೆ ಹಾಕಿದರು. ಯಶವಂತನ ಕೈ ನೆತ್ತಿಗೆ ಹೋಗಿ ಅಲ್ಲೇ ನಿಂತಿತು.

ಮೇಡಂಗೆ ಪಾಠ ಹೇಳುವ ಚಪಲ. ಕಾಗೆ ಗರಿಯನ್ನು ಬೆರಳಿನಿಂದ ಸೀಳಿದರು, ಮತ್ತೆ ಸವರಿದರು, ಸೀಳಿದ್ದು ಕೂಡಿಕೊಂಡಿತು. "ನೋಡಿ, ಒಂದೊಂದು ಎಳೆಗೂ ಕಣ್ಣಿಗೆ ಕಾಣದ ಕೊಕ್ಕೆ ಇರುತ್ತೆ. ಬ್ಯಾಗಿನ ಝಿಪ್ ತರ ಒಂದಕ್ಕೊಂದು ಹಿಡ್ಕೊಳ್ಳುತ್ತೆ. ಗಾಳಿ ತೂರಿಹೋಗಲ್ಲ, ಅದಕ್ಕೇ ಗಾಳಿ ಮೇಲೆ ನಿಲ್ಲೋಕಾಗೋದು. ದಿಂಡಿನ ಈ ಕಡೆ ಕಿರಿದು, ಆ ಕಡೆ ಅಗಲ. ಕಿರಿದಿರೋ ಕಡೆ ಗಾಳೀನ ಸೀಳ್ಕೊಂಡು ಮುಂದೆ ಹೋಗುತ್ತೆ. ಬಾಲದ ಗರಿ ತಿರುಗೋಕೆ, ನಿಲ್ಲೋಕೆ. ಮೈ ಮೇಲಿನ ಸಣ್ಣ ಗರಿ ಬೆಚ್ಚಗಿರೋಕೆ." ನನ್ನ ಕೈಯಿಂದ ಕನ್ನಡಿ ತೆಗೆದುಕೊಂಡು ಗೂಡು ನೋಡಿದರು. "ಈ ಮರಿಗಳ ರೆಕ್ಕೆ ಗರಿ ಪೂರ್ತಿ ಬಿಚ್ಚಿದೆ. ಬಾಲ ಇನ್ನೂ ಗಿಡ್ಡ, ಪರವಾಗಿಲ್ಲ, ಹಾರ್ತಾ ಹಾರ್ತಾ ಬೆಳೆಯುತ್ತೆ. ಇಷ್ಟೊಂದು ಜನ ಇಲ್ಲಿ ನಿಲ್ಲಬಾರದು, ಗಾಬರಿಯಾದ್ರೆ ಇವತ್ತೇ..."

ಮೇಡಂ ಮಾತು ಮುಗಿಸಲು ಮರಿಗಳು ಬಿಡಲಿಲ್ಲ. ಮೊದಲನೆಯದು ಹೊರಗೆ ಜಿಗಿದು, ಗಾಳಿಯಲ್ಲಿ ಎಡವಿ, ಸಾವರಿಸಿಕೊಂಡು ದಾಸವಾಳಕ್ಕೆ ಹೋಗಿ ತೂಗಾಡಿತು. ಎರಡನೆಯದು ಅಷ್ಟು ದೂರ ಹೋಗಲಾರದೆ ಯಶವಂತನ ನೆತ್ತಿಯ ಮೇಲೆ ಇಳಿಯಿತು. ಅವನು ಉಸಿರು ಬಿಗಿಹಿಡಿದು ನಿಂತ. ಆ ನೆತ್ತಿಯ ಮೇಲೆ ಅಷ್ಟು ಗರಿಯನ್ನು ನಾನು ನೋಡಿದ್ದು ಅದೇ ಮೊದಲು. ಮರಿ ಒಂದು ಸಲ ಹಿಕ್ಕೆ ಹಾಕಿ, ರೆಕ್ಕೆ ಬಡಿದು, ಅದೂ ಗಿಡಕ್ಕೆ ಹಾರಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಅಜ್ಜಿಯ ಕಣ್ಣಲ್ಲಿ ನೀರು ಬಂತು.

ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಆರೋದ್ವಲ್ಲ. ನಾಳೆ ಸಾಮಾನು ಎತ್ಕಳಿ."

ಆಗ ಹೇಳಿದೆ. ಎಲ್ಲರ ಮುಂದೆ, ಸ್ಟೂಲಿನಿಂದ ಇಳಿದು ಹೇಳಿದೆ. "ಅಜ್ಜಿ, ಲುಬ್ನಾಗೆ ಎಸ್ಸೆಸ್ಸೆಲ್ಸಿ. ಈ ವಾರ ಪರೀಕ್ಷೆ ಶುರು. ಅದು ಮುಗಿಯೋವರೆಗೆ ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಲುಬ್ನಾ ಬಾಗಿಲಿಗೆ ಬಂದು ನಿಂತಿದ್ದಳು. ಅಜ್ಜಿ ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ಅವತ್ತೇ ಈ ಮಾತು ಯೋಳಿದ್ರೆ ನಾನ್ ಬ್ಯಾಡ ಅಂತಿದ್ನಾ? ಮಗೂಗೆ ಪರೀಕ್ಸೆ ಅಂದ್ರೆ ಯಾರ್ ಬ್ಯಾಡ ಅಂತಾರೆ? ನೀವು ಅಟೆಂಡ್ರು, ಮೇಷ್ಟ್ರು ಅಂದ್ರಿ. ಕಾಗೆ ಗರಿ ಕಣ್ಗೊತ್ಕೊಳಂಗೆ ಮಾಡಿದ್ರಿ. ಈಗ ಪರೀಕ್ಸೆ ಅಂತೀರ. ಎಂಗ್ ನಂಬ್ಲಿ? ಇದೂ ಆಲ್ಗರಿ ಇದ್ದಂಗೇ ಏನೋ."

ಲುಬ್ನಾ ಒಳಗೆ ಹೋಗಿ ಹಾಲ್ ಟಿಕೆಟ್ ತಂದು ಹಿಡಿದಳು. ಅಜ್ಜಿಗೆ ಓದಲು ಬರುವುದಿಲ್ಲ. "ಕಾಗ್ದ ಎಲ್ಲಾರೂ ತೋರುಸ್ತಾರೆ ಕಣವ್ವ" ಎಂದು ಅವಳ ಕೆನ್ನೆ ಸವರಿ ಹೊರಟರು. ಅದನ್ನು ಓದಬಲ್ಲ ಯಶವಂತ ಕರ್ಚೀಫಿನಿಂದ ತಲೆ ಒರೆಸಿಕೊಳ್ಳುವುದರಲ್ಲಿದ್ದ.

ಮಾರನೇ ದಿನ ಸಾಮಾನು ಛೋಟಾ ಹಾಥಿ ಟೆಂಪೋ ಏರಿತು. ಕಾಲೇಜಿನ ವ್ಯಾನ್ ಡ್ರೈವರ್ ಹಬೀಬುಲ್ಲಾ ಅಬ್ಬಿಗೆರೆಯಲ್ಲಿ ತನ್ನ ಭಾವನ ಮನೆಯ ಹಿಂದಿದ್ದ ಒಂದು ರೂಮು ಕೊಡಿಸಿದ್ದ. ಗಾಡಿಯ ಹಿಂದೆ, ಹಾಸಿಗೆಯ ಸುರುಳಿಯ ಮೇಲೆ ಕೂತು ಲುಬ್ನಾ ದಾರಿಯುದ್ದಕ್ಕೂ ಓದುತ್ತಿದ್ದಳು. ನಿಜ ಹೇಳಬೇಕೆಂದರೆ ಹಾಲುಗರಿ ಶುರುವಾದ ಮೇಲೆ ಅವಳಿಗೆ ಅಷ್ಟು ನೆಮ್ಮದಿಯಾಗಿ ಓದಲು ಸಿಕ್ಕಿದ್ದು ಅದೇ. ಕನ್ನಡಿಯ ವಿಚಾರಕ್ಕೆ ಕಾಲೇಜಿನಲ್ಲಿ ಎಲ್ಲರ ಎದುರಿಗೆ ಬೈಸಿಕೊಂಡೆ, ಅದು ದೊಡ್ಡದಲ್ಲ. ಗಣಿತದ ಪರೀಕ್ಷೆಯ ದಿನ ನಮ್ಮ ಬಸ್ಸು ಬಿಇಎಲ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ನಿಂತುಬಿಟ್ಟಿತು. ಲುಬ್ನಾ ಇಳಿದು ಓಡಿ, ಆಟೋ ಹತ್ತಿ, ಸೆಂಟರು ಮುಟ್ಟುವಷ್ಟರಲ್ಲಿ ಉಳಿದವರು ಆಗಲೇ ಎರಡನೇ ಹಾಳೆಗೆ ಹೋಗಿದ್ದರು. ಹೊರಗೆ ಬಂದವಳು ತ್ರಿಕೋನಮಿತಿ ಪೂರ್ತಿ ಬಿಟ್ಟೆ ಎಂದಳು. ಬಚ್ಚಲಲ್ಲಿ ಬಕೆಟ್ ಮೇಲೆ ಕೂತು ಕಲಿತ ತ್ರಿಕೋನಮಿತಿ.

ಕೊನೆಯ ಪರೀಕ್ಷೆಯ ದಿನ ಅವಳನ್ನು ಕರೆದುಕೊಂಡು ಬರುವಾಗ ಹಳೇ ಬೀದಿಯ ಮೇಲೆ ಹಾದುಬಂದೆ. ಏಕೆ ಹಾದೆನೋ. ಪಿಜಿಯ ಪಾಯ ಎಷ್ಟು ಮೇಲೆ ಬಂದಿದೆ ನೋಡಿ ಹೊಟ್ಟೆ ಉರಿಸಿಕೊಳ್ಳೋಣ ಎಂದಿರಬೇಕು.

ಪಾಯವೇ ಇರಲಿಲ್ಲ. ಮೂರು ಪೋರ್ಷನ್ನುಗಳು ನೆಲಸಮವಾಗಿ ಇಟ್ಟಿಗೆಯ ಗುಡ್ಡೆ ಬಿದ್ದಿತ್ತು. ಜೆಸಿಬಿ ಕೈ ಮಡಚಿಕೊಂಡು ನಿಂತಿತ್ತು, ಅದರ ನೆರಳಿನಲ್ಲಿ ಡ್ರೈವರು ಮಲಗಿದ್ದ. ಗುಡ್ಡೆಯ ನಡುವೆ ನಮ್ಮ ಮನೆ ಒಂದೇ ಒಂದು ಹೆಂಚೂ ಅಲುಗದೆ ನಿಂತಿತ್ತು. ಬಾಗಿಲಿಗೆ ಬೀಗ. ಬಲ್ಬಿನ ವೈರಿನಲ್ಲಿ ಗೂಡು. ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬೆಕ್ಕು ಓಡಿಸುವ ಕೋಲು ಹಿಡಿದು ಮುನಿತಾಯಮ್ಮಜ್ಜಿ.

"ಮೆತ್ತಗ್ ಬನ್ನಿ ಮೇಷ್ಟ್ರೇ" ಎಂದು ಕೈಸನ್ನೆ ಮಾಡಿದರು. ಬಾಯಿಗೆ ಅಭ್ಯಾಸವಾದದ್ದು ಬಿಟ್ಟಿರಲಿಲ್ಲ, ಕೋಪ ಮಾತ್ರ ಬಿಟ್ಟಿತ್ತು. "ಅದೇ ಗೂಡಿಗೆ ತಿರ್ಗ ಬಂದು ಮೊಟ್ಟೆ ಇಟ್ಟವೆ. ನಿಮ್ ಮೇಡಮ್ನೋರು ಬಂದು ನೋಡಿ ಯೋಳುದ್ರು. ಒಂದೊಂದ್ಸಲ ಇಂಗೇ ಮಾಡ್ತವಂತೆ."

"ಕೆಲಸ?"

"ನಿಲ್ಸಿವ್ನಿ. ಮಳೆಗಾಲ ಬಂದ್ರೂ ಬರ್ಲಿ. ಯಶವಂತನೂ ಸುಮ್ಕವ್ನೆ. ಮರಿ ಕೂತ ಜಾಗ್ದಲ್ಲಿ ನಾಕು ಕೂದ್ಲು ಬಂದವೆ ಅಂತ ದಿನಾ ಕನ್ನಡಿ ನೋಡ್ಕಂತನೆ."

ಲುಬ್ನಾ ಬೀಗ ನೋಡುತ್ತಿದ್ದಳು. "ಅಜ್ಜಿ, ಅವತ್ತಿಂದ ಮನೆ ಖಾಲಿನೇ ಇದ್ಯಾ?"

"ಖಾಲಿ ಎಲ್ಲವ್ವ, ಅವು ಇಲ್ವಾ?" ಅಜ್ಜಿ ತಲೆ ಎತ್ತಿ ಗೂಡು ನೋಡಿದರು. ದನಿ ಕರಗಿತು. "ಕಳ್ಸು ಅಂದ್ರೆ ಎಂಗ್ ಕಳ್ಸಾಕಾಯ್ತದೆ? ಮಕ್ಳು ಮರಿ ಕಟ್ಕಂಡು ಈ ಬಿಸ್ಲಲ್ಲಿ ಪಾಪ ಎಲ್ಲಿಗೋಗ್ತವೆ?"

ನಾನು ಹೌದಜ್ಜಿ ಎಂದೆ.

ಲುಬ್ನಾ ಪರೀಕ್ಷೆಯ ಪ್ಯಾಡನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ಬನ್ನಿ ಅಬ್ಬು, ಹೊತ್ತಾಯ್ತು" ಎಂದಳು. ಅಬ್ಬಿಗೆರೆಗೆ ಎರಡು ಬಸ್ಸು ಬದಲಾಯಿಸಬೇಕು.